ಕೊಬ್ಬರಿ ಎಣ್ಣೆಯ ಹೆಲಿಕಾಪ್ಟರು

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ ಎಂಬುದು ನಮ್ಮ ತುಮಕೂರು ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ. ಮಾರ್ಗಶಿರ ಬಂತೆಂದರೆ ಬಚ್ಚಲುಮನೆಯ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕೂರುತ್ತದೆ. ಅದನ್ನು ಬಿಸಿಲಿಗಿಟ್ಟೋ, ಬಿಸಿನೀರಿನ ಬಕೆಟ್ಟಿನಲ್ಲಿ ತೇಲಿಬಿಟ್ಟೋ ಕರಗಿಸಿಕೊಂಡು ತಲೆಗೆ ಹಚ್ಚಿಕೊಳ್ಳುತ್ತೇವೆ. ಬುದ್ಧಿ ಬಂದಾಗಿನಿಂದ ಇದನ್ನೇ ಮಾಡುತ್ತಾ ಬಂದ ನಾನು, ತಲೆಯಲ್ಲಿ ಹೆಚ್ಚು ಕೂದಲು ಉಳಿಯದ ಈ ವಯಸ್ಸಿನಲ್ಲಿ, ಅದೇ ಎಣ್ಣೆಯನ್ನು ಒಂದು ಹೆಲಿಕಾಪ್ಟರಿಗೆ ಹಾಕಿದೆ. ಹಾಕುವಾಗ ಚಳಿಗಾಲದ ನೆನಪೇ ಬರಲಿಲ್ಲ. ಆ ಮರೆವಿನಿಂದ ಒಂದು ಚಳಿಗಾಲ ಪೂರ್ತಿ ಸಂತೋಷವಾಗಿದ್ದೆ. ಆಮೇಲೆ ಆದದ್ದು ಅಷ್ಟು ಸಂತೋಷದ್ದಲ್ಲ.

ಹೆಲಿಕಾಪ್ಟರು ಎಂದ ಕೂಡಲೇ ನಾನೇನೋ ದೊಡ್ಡ ಕುಳ ಎಂದುಕೊಳ್ಳಬೇಡಿ. ನಾನು ತುಮಕೂರಿನಲ್ಲಿ ಹಲ್ಲಿನ ಡಾಕ್ಟರು. ನನ್ನದು ಕಂಪ್ಯೂಟರಿನೊಳಗಿನ ಹೆಲಿಕಾಪ್ಟರು. ಪರದೆಯ ಮೇಲೆ ಹಾರುತ್ತದೆ, ಪರದೆಯ ಮೇಲೆಯೇ ಬೀಳುತ್ತದೆ, ಬಿದ್ದರೆ ಒಂದು ಗುಂಡಿ ಒತ್ತಿದ ಕೂಡಲೇ ಮತ್ತೆ ಹೊಸದಾಗಿ ನಿಲ್ಲುತ್ತದೆ. ಅದನ್ನು ಹಾರಿಸಲು ಕೈಯಲ್ಲಿ ಹಿಡಿಯುವ ಒಂದು ಕೋಲು ಬರುತ್ತದೆ, ಜಾಯ್‌ಸ್ಟಿಕ್ಕು. ಕಂಡವರ ಬಾಯಿಗೆ ಬೆಳಕು ಬಿಟ್ಟುಕೊಂಡು ಮೂವತ್ತು ವರ್ಷ ಬಗ್ಗಿ ನಿಂತವನಿಗೆ ಆಕಾಶದ ಆಸೆ ಹುಟ್ಟಿದರೆ ತಪ್ಪೇನು ಎಂದು ನನ್ನ ವಾದ. ನನ್ನ ಹೆಂಡತಿ ಗಿರಿಜಳದು ಬೇರೆ ವಾದ. ವಯಸ್ಸಾದ ಗಂಡಸರಿಗೆ ಆಟದ ಸಾಮಾನು ಕೊಂಡುಕೊಳ್ಳಲು ನೆಪ ಬೇಕು ಅಷ್ಟೇ ಎನ್ನುತ್ತಾಳೆ.

ಆಸೆ ಹುಟ್ಟಿದ್ದು ಅವಳ ತವರಿನಲ್ಲೇ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಅವಳ ತಮ್ಮ ಲೋಕೇಶನ ತೆಂಗಿನ ತೋಟವಿದೆ, ಊರೊಳಗೆ ಸಣ್ಣದೊಂದು ಹಾರ್ಡ್‌ವೇರ್ ಅಂಗಡಿಯೂ ಇದೆ. ಪಕ್ಕದ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರು ಮಾಡುವ ಕಾರ್ಖಾನೆ ಬಂದ ಮೇಲೆ ಆ ಕಡೆಯವರಿಗೆಲ್ಲ ತಲೆಯೆತ್ತಿ ನೋಡುವ ಅಭ್ಯಾಸವಾಗಿದೆ. ಹೋದ ವರ್ಷ ದಸರಾಕ್ಕೆ ಹೋಗಿದ್ದಾಗ ತೋಟದ ಬದುವಿನ ಮೇಲೆ ನಿಂತು ನಾನೂ ನೋಡಿದೆ. ದೂರದಲ್ಲಿ, ತೆಂಗಿನ ಗರಿಗಳ ಮೇಲಕ್ಕೆ, ಒಂದು ಹೆಲಿಕಾಪ್ಟರು ಸುಮ್ಮನೆ ನಿಂತಿತ್ತು. ಹಾರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ, ನಿಂತಿತ್ತು. ಹಾರುವುದು ಹಕ್ಕಿಗೂ ಬರುತ್ತದೆ. ಏನನ್ನೂ ಊರಿಕೊಳ್ಳದೆ ಗಾಳಿಯಲ್ಲಿ ಹೀಗೆ ನಿಲ್ಲುವುದು ಹೇಗೆ ಎಂದು ನಾನು ಬಾಯಿಬಿಟ್ಟು ನೋಡುತ್ತಿದ್ದರೆ, ಲೋಕೇಶ ಮಾತ್ರ ಎಳನೀರು ಕೊಚ್ಚುತ್ತಾ, “ದಿನಾ ಇದೇ ಗೋಳು ಬಾವ, ಸದ್ದಿಗೆ ಹಸ ಹಾಲ್ ಸರ್ಯಾಗ್ ಕೊಡಾಕಿಲ್ಲ” ಎಂದ.

ತುಮಕೂರಿಗೆ ವಾಪಸು ಬಂದ ಮೇಲೆ ಆಟವನ್ನೂ ಕೋಲನ್ನೂ ತರಿಸಿದೆ. ಮೊದಲ ವಾರ ಎಲ್ಲ ಹೆಲಿಕಾಪ್ಟರುಗಳನ್ನೂ ಕೆಡವಿ ಮುಗಿಸಿದೆ. ಆಮೇಲೆ ತಿಳಿದವರು ಬರೆದದ್ದನ್ನು ಓದಿದಾಗ ಗೊತ್ತಾಯಿತು, ತಪ್ಪು ಪೂರ್ತಿ ನನ್ನದಲ್ಲ, ಕೋಲಿನಲ್ಲಿರುವ ಸ್ಪ್ರಿಂಗಿನದೂ ಇದೆ. ಅಂಗಡಿಯ ಕೋಲನ್ನು ಎತ್ತ ಬಾಗಿಸಿದರೂ, ಕೈ ಬಿಟ್ಟ ಕೂಡಲೇ ಅದು ತಾನೇ ನಡುವಿಗೆ ಬಂದು ನೆಟ್ಟಗೆ ನಿಲ್ಲುತ್ತದೆ. ವಿಮಾನಕ್ಕೆ ಅದು ಸರಿ. ಹೆಲಿಕಾಪ್ಟರಿನ ಕೋಲು ಹಾಗಲ್ಲವಂತೆ. ಎಲ್ಲಿಗೆ ಬಾಗಿಸಿದೆವೋ ಅಲ್ಲೇ ಇರಬೇಕು. ನಡು ಎಂಬುದನ್ನು ಕೈಯೇ ಹುಡುಕಬೇಕು, ಹುಡುಕಿದ ಮೇಲೂ ಅದು ಮರುಗಳಿಗೆಗೆ ಬೇರೆ ಕಡೆ ಇರುತ್ತದೆ.

ಯೋಚಿಸಿದರೆ ನಮ್ಮ ಬದುಕಿನ ಮುಕ್ಕಾಲು ಭಾಗ ಇಂಥ ಸ್ಪ್ರಿಂಗಿನ ಮೇಲೆಯೇ ನಡೆದುಹೋಗುತ್ತದೆ. ಕ್ಲಿನಿಕ್ಕಿನ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಜಗಳವಾಡಿದ ಗಂಡಹೆಂಡಿರು ಊಟದ ಹೊತ್ತಿಗೆ ತಾವೇ ಮಾತಾಡುತ್ತಾರೆ. ಜ್ವರ ಬಂದರೆ ಬಿಡುತ್ತದೆ. ಎಲ್ಲವೂ ಮತ್ತೆ ಇದ್ದಲ್ಲಿಗೆ ಬರುತ್ತದೆ ಎಂಬ ಧೈರ್ಯದ ಮೇಲೆ ನಾವು ಕೈ ಸಡಿಲ ಬಿಟ್ಟು ಓಡಾಡುತ್ತೇವೆ. ಇದ್ದಲ್ಲಿಗೆ ಬಾರದ ಒಂದು ಸಂಗತಿ ಎದುರಾಗುವ ತನಕ ಸ್ಪ್ರಿಂಗು ಇತ್ತೆಂಬುದೇ ಗೊತ್ತಾಗುವುದಿಲ್ಲ. ನಾನಂತೂ ಆಗ ಇಷ್ಟೆಲ್ಲ ಯೋಚಿಸಲಿಲ್ಲ. ಸ್ಕ್ರೂಡ್ರೈವರ್ ತಂದು ಕೋಲಿನ ಹೊಟ್ಟೆ ಬಿಚ್ಚಿ ಸ್ಪ್ರಿಂಗನ್ನು ಕಿತ್ತೆ.

ಸ್ಪ್ರಿಂಗು ಕಿತ್ತ ಕೋಲು ಕತ್ತು ಮುರಿದ ಕೋಳಿಯಂತೆ ಒಂದು ಕಡೆಗೆ ವಾಲಿಕೊಂಡಿತು. ಅದು ಇಟ್ಟಲ್ಲಿ ನಿಲ್ಲಬೇಕಾದರೆ ಬುಡದಲ್ಲಿ ಹಿತವಾದ ಬಿಗಿ ಬೇಕು. ನನಗೆ ಗೊತ್ತಿರುವ ವಿದ್ಯೆ ಒಂದೇ. ಹಲ್ಲಿನ ಸೆಟ್ಟಿಗೆ ಒಸಡು ಮಾಡಲು ಬಳಸುವ ಗುಲಾಬಿ ಬಣ್ಣದ ಪುಡಿಯನ್ನು ಕಲಸಿ, ಕೋಲಿನ ಬುಡಕ್ಕೆ ಅಳತೆ ತೆಗೆದು, ಚಂದದ ಉಂಗುರವೊಂದನ್ನು ಎರಕ ಹೊಯ್ದು, ಉಜ್ಜಿ ನುಣುಪು ಮಾಡಿ ಕೂರಿಸಿದೆ. ನಿಜವಾದ ಹೆಲಿಕಾಪ್ಟರಿನಲ್ಲಿ ಕೋಲು ಮೊಣಕಾಲುಗಳ ನಡುವೆ ನೆಲದಿಂದ ಎದ್ದಿರುತ್ತದೆ. ಹಾಗಾಗಿ ಲೋಕೇಶನ ಅಂಗಡಿಯ ಪೈಪಿನ ತುಂಡೊಂದನ್ನು ಸೇರಿಸಿ ಉದ್ದ ಮಾಡಿದೆ. ಬುಡ ಅಲ್ಲಾಡಬಾರದೆಂದು ಗಿರಿಜ ತವರಿನಿಂದ ತಂದಿದ್ದ ಊಟದ ಮಣೆಗೆ ತಿರುಪು ಹಾಕಿ ಬಿಗಿದೆ. ಮಣೆಯ ವಿಷಯ ಅವಳಿಗೆ ಗೊತ್ತಾದ ದಿನ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಪೈಪು ತಲುಪಿಸಲು ಬಂದ ಲೋಕೇಶ ನನ್ನ ಕೈಕೆಲಸವನ್ನು ಸುತ್ತಲೂ ತಿರುಗಿ ನೋಡಿ, “ಏನ್ ಬಾವ, ಇದ್ಕೂ ಹಲ್ ಸೆಟ್ ಕಟ್ಬುಟ್ರಾ?” ಎಂದ. ಕೋಲನ್ನು ಅಲ್ಲಾಡಿಸಿದಾಗ ಉಂಗುರ ಕಿರ್ರೆಂದಿತು. “ಎಣ್ಣೆ ಬಿಟ್ಟಿಲ್ವಾ? ಅದ್ಕೇ ಅರಚ್ಕತೈತೆ” ಎಂದವನೇ, ಅಕ್ಕನಿಗೆಂದು ತಂದಿದ್ದ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದು ಧಾರಾಳವಾಗಿ ಸುರಿದ. ಅವರ ತೋಟದ್ದೇ ಕೊಬ್ಬರಿ, ಗಾಣದಲ್ಲಿ ಹಾಕಿಸಿದ ಎಣ್ಣೆ. ನೆಂಟರಿಷ್ಟರಿಗೆ ಕೂದಲು ಉದುರಿದರೂ, ಮಂಡಿ ನೋವು ಬಂದರೂ, ಬಾಗಿಲು ಕಿರುಗುಟ್ಟಿದರೂ ಅವನ ಮದ್ದು ಅದೊಂದೇ. ಜಾಯ್‌ಸ್ಟಿಕ್ಕಿಗೆ ಬೇರೆಯದೇ ಗ್ರೀಸು ಹಾಕಬೇಕೆಂದು ನಾನು ಓದಿದ್ದೆ, ಆದರೆ ಮನೆಯ ಎಣ್ಣೆ ಇರುವಾಗ ಅದನ್ನೆಲ್ಲಿ ಹುಡುಕಲಿ ಎನಿಸಿ ನಾನೂ ಇನ್ನಷ್ಟು ಹಾಕಿದೆ. ಕೋಲು ಬೆಣ್ಣೆಯಂತೆ ಆಡಿತು. ಕೋಣೆಯೆಲ್ಲ ಘಮ ಎಂದಿತು.

ನಾನು ಹಾರಿಸುತ್ತಿದ್ದುದು ಬೆಳಗಿನ ಹೊತ್ತು, ಕ್ಲಿನಿಕ್ಕಿಗೆ ಹೊರಡುವ ಮುಂಚೆ. ಕಾರ್ತಿಕ ಕಳೆದು ಚಳಿ ಶುರುವಾದ ಮೇಲೆ ಒಂದು ದಿನ ನನ್ನ ಹೆಲಿಕಾಪ್ಟರು ನಿಂತಿತು. ನೆಲದಿಂದ ಆಳೆತ್ತರ ಮೇಲೆದ್ದು, ಬಾಲ ಅಲ್ಲಾಡಿಸದೆ, ನಿಟ್ಟೂರಿನ ಆಕಾಶದಲ್ಲಿ ಕಂಡ ಹಾಗೆಯೇ ನಿಂತಿತು. ಕೋಲು ಈಗ ಹದವಾಗಿ ಬಿಗಿಯಾಗಿತ್ತು. ಇಟ್ಟಲ್ಲಿ ಇರುತ್ತಿತ್ತು, ತಳ್ಳಿದಷ್ಟೇ ಸರಿಯುತ್ತಿತ್ತು. ನನ್ನ ಗುಲಾಬಿ ಉಂಗುರ ಪಳಗಿತು, ಅದರ ಜೊತೆಗೆ ನನ್ನ ಕೈಯೂ ಪಳಗಿತು ಎಂದುಕೊಂಡೆ. ಕೈಯನ್ನು ಗಾಳಿಯಲ್ಲಿ ತೇಲಿಸಬೇಡಿ, ತೊಡೆಯ ಮೇಲೆ ಊರಿ, ಎರಡೇ ಬೆರಳಲ್ಲಿ ಹಿಡಿಯಿರಿ ಎಂದು ತಿಳಿದವರು ಬರೆದಿದ್ದರು. ಇದು ನನಗೆ ಹೊಸದೇನಲ್ಲ. ಬಾಯೊಳಗೆ ಮಿಷನ್ ಹಿಡಿಯುವಾಗ ನಾವೂ ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿಕೊಂಡೇ ಕೊರೆಯುವುದು. ಮೂವತ್ತು ವರ್ಷದ ಕಸುಬು ಆಕಾಶದಲ್ಲೂ ಕೆಲಸಕ್ಕೆ ಬಂತಲ್ಲ ಎಂದು ಬೀಗಿದೆ. ರೋಗಿಗಳಿಗೆಲ್ಲ ಹೇಳಿದೆ. ಬಾಯಿ ತೆರೆದುಕೊಂಡು ಕೂತವರು ಏನು ತಾನೇ ಎದುರು ಹೇಳಿಯಾರು?

ಆಟದೊಳಗೆ ಇಡೀ ಭೂಮಿಯ ನಕ್ಷೆಯೇ ಇತ್ತು, ಆ ಚಳಿಗಾಲ ನಾನು ನಮ್ಮ ಸೀಮೆಯನ್ನೆಲ್ಲ ಮೇಲಿನಿಂದ ಸುತ್ತಿದೆ. ತುಮಕೂರಿನಿಂದ ಕುಣಿಗಲ್ಲಿಗೆ ಹೋಗಿ ಕೆರೆಯ ಮೇಲೆ ನಿಂತೆ. ಅಲ್ಲಿಂದ ನಾನು ಹುಟ್ಟಿದ ಹುಲಿಯೂರುದುರ್ಗಕ್ಕೆ ಹೋದೆ. ಬೆಟ್ಟ ಇತ್ತು, ಕೋಟೆ ಇರಲಿಲ್ಲ. ಆಟ ಮಾಡಿದ ದೇಶದವರು ನಮ್ಮೂರಿನ ತುಂಬ ಅವರ ಕಡೆಯ ಇಳಿಜಾರು ಸೂರಿನ ಮನೆಗಳನ್ನು ನೆಟ್ಟಿದ್ದರು. ಬಸ್ ಸ್ಟ್ಯಾಂಡಿನ ಜಾಗದಲ್ಲಿ ಹುಲ್ಲುಹಾಸು. ಎಲ್ಲಿ ಇಳಿದು ನೋಡಿದರೂ ಒಂದು ನರಪಿಳ್ಳೆ ಇಲ್ಲ. ಅಪ್ಪ ಕೂರುತ್ತಿದ್ದ ಜಗಲಿ ಇಲ್ಲೇ ಎಲ್ಲೋ ಇರಬೇಕೆಂದು ಅಂದಾಜು ಮಾಡಿ ಅದರ ಮೇಲೆ ಸುಮ್ಮನೆ ನಿಂತುಕೊಂಡಿರುತ್ತಿದ್ದೆ. ಗಿರಿಜ ಕಾಫಿ ತಂದು ಪಕ್ಕದಲ್ಲಿಡುತ್ತಿದ್ದಳು. ಕಾಫಿ ಯಾಕೋ ಮುಕ್ಕಾಲು ಲೋಟಕ್ಕೆ ಇಳಿದಿತ್ತು. ಹಾಲಿನ ದರ ಏರಿತೇನೋ ಎಂದುಕೊಂಡೆ.

ಶಿವರಾತ್ರಿ ಕಳೆಯಿತು, ಬಿಸಿಲು ಬಲಿಯಿತು. ಒಂದು ಬೆಳಿಗ್ಗೆ ನೋಡಿದರೆ ಮಣೆಯ ಮೇಲೆ ಎಣ್ಣೆಯ ಮಡು. ಕೋಲು ಮತ್ತೆ ಕತ್ತು ವಾಲಿಸಿಕೊಂಡಿತ್ತು. ಆಗ ಹೊಳೆಯಿತು. ಇಷ್ಟು ದಿನ ನನ್ನ ಹೆಲಿಕಾಪ್ಟರನ್ನು ಹಿಡಿದು ನಿಲ್ಲಿಸಿದ್ದುದು ಪಳಗಿದ ಉಂಗುರವಲ್ಲ, ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ. ಒಬ್ಬನೇ ಕೂತು ಜೋರಾಗಿ ನಕ್ಕೆ. ತೆಂಗಿನ ನಾಡಿನವನಲ್ಲದೆ ಇನ್ನಾರಿಗೆ ಇಂಥ ಪೆದ್ದುತನ ಒಲಿದೀತು! ಎಣ್ಣೆಯನ್ನೆಲ್ಲ ಒರೆಸಿ, ಉಂಗುರವನ್ನು ಸರಿಪಡಿಸಿ ಕೂತೆ.

ಆಗ ಹೆಲಿಕಾಪ್ಟರು ನಡುಗತೊಡಗಿತು. ಮೂತಿಯನ್ನು ಅತ್ತ ಇತ್ತ ಸಣ್ಣಗೆ ಅದುರಿಸುತ್ತಾ, ನೆಟ್ಟಗೆ ನಿಲ್ಲಲಾರದೆ ಸರಿಯುತ್ತಾ ಹೋಗಿ ಮಗುಚಿಕೊಳ್ಳುತ್ತಿತ್ತು. ಉಂಗುರ ಬಿಗಿ ಮಾಡಿದರೆ ಕೋಲು ಹಿಡಿದು ಹಿಡಿದು ಜಾರುತ್ತಿತ್ತು. ಸಡಿಲ ಮಾಡಿದರೆ ನಡುಕ. ಕೋಲಿನೊಳಗಿನ ವಿದ್ಯುತ್ತಿನ ಭಾಗ ಕೆಟ್ಟಿದೆ, ಎಣ್ಣೆ ಇಳಿದು ಹಾಳಾಗಿದೆ ಎಂದು ತೀರ್ಮಾನಿಸಿದೆ. ಲೋಕೇಶನಿಗೆ ಫೋನ್ ಮಾಡಿ ಅವನ ಎಣ್ಣೆಯನ್ನು ಬೈದೆ. “ನಮ್ಮೆಣ್ಣೆ ಯಾವತ್ತೂ ಯಾರ್ಗೂ ಕೆಟ್ಟದ್ ಮಾಡಿಲ್ಲ ಬಾವ” ಎಂದು ಅವನು ನಿಜವಾಗಿ ನೊಂದುಕೊಂಡ. ಕೊನೆಗೆ ಒಂದು ಭಾನುವಾರ, ಕೋಲನ್ನು ಪರೀಕ್ಷೆ ಮಾಡುವ ಪರದೆಯನ್ನು ತೆರೆದೆ. ಅದರಲ್ಲಿ ಹೆಲಿಕಾಪ್ಟರು ಇರುವುದಿಲ್ಲ. ಒಂದು ಚೌಕ, ಅದರೊಳಗೆ ಕೂಡುವ ಗುರುತಿನಂಥ ಒಂದು ಚಿಹ್ನೆ ಅಷ್ಟೇ. ಕೋಲು ಎಷ್ಟು ಅಲ್ಲಾಡುತ್ತದೋ ಚಿಹ್ನೆಯೂ ಅಷ್ಟೇ ಅಲ್ಲಾಡುತ್ತದೆ.

ನಾನು ಹಿಡಿದಾಗ ಚಿಹ್ನೆ ಸಣ್ಣಗೆ, ಬಿಡದೆ ನಡುಗಿತು. ಕೋಲನ್ನು ಪುಸ್ತಕಗಳಿಗೆ ಒರಗಿಸಿ ಕೈ ಬಿಟ್ಟಾಗ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತು. ಯಾರೂ ಹಿಡಿಯದಿದ್ದರೆ ಸರಿ, ಹಿಡಿದ ಕೂಡಲೇ ಕೆಡುತ್ತದೆ, ಇದು ಯಾವ ಬಗೆಯ ದೋಷ ಎಂದು ತಲೆ ಕೆರೆದುಕೊಂಡೆ. ಅಡುಗೆಮನೆಯಲ್ಲಿ ಗಿರಿಜ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ಕರೆದು ಕೋಲನ್ನು ತೋರಿಸಿದೆ.

“ಇದನ್ನ ಸ್ವಲ್ಪ ಹಿಡ್ಕೊ.”

“ನಂಗ್ಯಾಕ್ರೀ ಹೆಲಿಕಾಪ್ಟ್ರು? ಕೈಯೆಲ್ಲಾ ಸೊನೆ.”

“ಹಾರಿಸ್ಬೇಡ, ಸುಮ್ನೆ ಹಿಡ್ಕೊಂಡಿರು.”

ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿದಳು. ಚಿಹ್ನೆ ಅಲ್ಲಾಡಲಿಲ್ಲ. ನಾನು ನೋಡುತ್ತಲೇ ಇದ್ದೆ, ಅದು ನಿಂತೇ ಇತ್ತು. “ಇನ್ನೇನ್ ಮಾಡ್ಲಿ?” ಎಂದಳು. ಏನೂ ಬೇಡವೆಂದು ಅವಳ ಕೈಯಿಂದ ಕೋಲನ್ನು ತೆಗೆದುಕೊಂಡೆ. ಚಿಹ್ನೆ ನಡುಗಲು ಶುರು ಮಾಡಿತು. ಗಿರಿಜ ಪರದೆಯನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡಿದಳು.

“ಲೋಟ ಹಿಡಿದಾಗ್ಲೂ ಹಿಂಗೇ ಆಡುತ್ತೆ ರೀ ನಿಮ್ಮ ಕೈ. ಅದಕ್ಕೇ ಕಾಫಿ ಪೂರ್ತಿ ತುಂಬ್ಸೋದು ಬಿಟ್ಟಿದೀನಿ.”

“ಯಾವಾಗಿಂದ?”

“ಗೌರಿ ಹಬ್ಬದಿಂದ.”

ಗೌರಿ ಹಬ್ಬಕ್ಕೆ ನಾನಿನ್ನೂ ಆ ಹೆಲಿಕಾಪ್ಟರನ್ನು ಕಂಡೇ ಇರಲಿಲ್ಲ. ಮುಕ್ಕಾಲು ಲೋಟ ಕಾಫಿಯಲ್ಲಿ ಅವಳು ಅಷ್ಟು ತಿಂಗಳು ಏನನ್ನು ಬಚ್ಚಿಟ್ಟುಕೊಂಡಿದ್ದಳೆಂದು ತಿಳಿದು ನನಗೆ ಅಳು ಬಂತು. ಅಳಲಿಲ್ಲ. ಹಾಲಿನ ದರ ಎಂದುಕೊಂಡಿದ್ದೆ ಎಂದೆ. ಅವಳು ಎದ್ದು ಹೋಗಿ ಮಾವಿನಕಾಯಿ ಹೆಚ್ಚಲು ಕೂತಳು, ಅಲ್ಲಿಂದಲೇ, “ನಾಳೆಯಿಂದ ಮಿಷನ್ ಮುಟ್ಬೇಡಿ” ಎಂದಳು.

ನನ್ನ ಕಸುಬಿನಲ್ಲಿ ಕೈಯೇ ಎಲ್ಲ. ಓದಿದ್ದನ್ನು ಮರೆತರೆ ಮತ್ತೆ ಓದಬಹುದು. ಅಂದು ಇಡೀ ದಿನ, ಕಳೆದ ತಿಂಗಳುಗಳಲ್ಲಿ ನನ್ನ ಮುಂದೆ ಬಾಯಿ ತೆರೆದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದು ನೋಡಿದೆ. ಯಾರಿಗೂ ಏನೂ ಆಗಿರಲಿಲ್ಲ. ಪಕ್ಕದ ಹಲ್ಲಿನ ಮೇಲೆ ಊರಿದ ಉಂಗುರದ ಬೆರಳು ನನ್ನನ್ನು ಕಾಪಾಡಿತ್ತು. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಬೆರಳು, ನನ್ನ ನಡುಕವನ್ನು ನನ್ನಿಂದಲೇ ಮರೆಮಾಡಲು ಎಷ್ಟೊಂದು ಮಂದಿ ಸೇರಿದ್ದರು! ಅಪ್ಪನ ನೆನಪಾಯಿತು. ಹುಲಿಯೂರುದುರ್ಗದ ಜಗಲಿಯಲ್ಲಿ ಕೂತು ಕೊನೆಕೊನೆಗೆ ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಚಳಿಗೆ ಬಿಸಿ ಕಾಯಿಸಿಕೊಳ್ಳುತ್ತಾರೆ ಎಂದು ನಾವೆಲ್ಲ ನಗುತ್ತಿದ್ದೆವು. ಬೇಸಿಗೆಯಲ್ಲೂ ಹಾಗೆಯೇ ಹಿಡಿಯುತ್ತಿದ್ದರು ಎಂಬುದು ಈಗ ಹೊಳೆಯುತ್ತದೆ.

ನರದ ಡಾಕ್ಟರು ಕೈ ಚಾಚಿಸಿದರು, ಮೂಗು ಮುಟ್ಟಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ನನ್ನ ಸುರುಳಿ ಜಹಾಂಗೀರ್ ಮಿಠಾಯಿಯ ಅಂಚಿನಂತೆ ಬಂತು. ಇದು ಅಪ್ಪನಿಂದ ಬಂದ ಬರೀ ನಡುಕವಿರಬಹುದು, ದೊಡ್ಡ ಕಾಯಿಲೆಯೊಂದರ ಶುರುವೂ ಇರಬಹುದು, ನೋಡೋಣ ಎಂದರು. ನಾನು ರೋಗಿಗಳಿಗೆ ಎಷ್ಟೋ ಸಲ ಹೇಳಿರುವ ‘ನೋಡೋಣ’ ಎಂಬ ಮಾತು ಕೇಳುವವರ ಹೊಟ್ಟೆಯಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ಅಂದು ಗೊತ್ತಾಯಿತು. ಕ್ಲಿನಿಕ್ಕಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಡಾಕ್ಟರ್ ಸೌಮ್ಯಳಿಗೆ ಕೊರೆಯುವ ಕೆಲಸವನ್ನೆಲ್ಲ ಒಪ್ಪಿಸಿದೆ. ನೋಡುವುದು, ಬರೆದುಕೊಡುವುದು ನನ್ನದು. ಕಾರಣ ಕೇಳಿದಳು, ಬೆನ್ನುನೋವು ಎಂದೆ. ಕೇಳಿದವರಿಗೆಲ್ಲ ಬೆನ್ನುನೋವೆಂದೇ ಹೇಳಿದೆ. ನನ್ನ ವಯಸ್ಸಿಗೆ ಅದು ಮರ್ಯಾದಸ್ಥ ಕಾಯಿಲೆ. ಕೈ ನಡುಗುತ್ತದೆ ಎಂಬ ಮಾತು ನಾಲಗೆಯ ತುದಿಗೆ ಬಂದರೂ ಹೊರಗೆ ಬರುತ್ತಿರಲಿಲ್ಲ.

ಆಷಾಢದಲ್ಲಿ ಒಂದು ದಿನ ಲೋಕೇಶ ಕೆನ್ನೆ ಊದಿಸಿಕೊಂಡು ಕ್ಲಿನಿಕ್ಕಿಗೆ ಬಂದ. ಕೆಳಗಿನ ದವಡೆ ಹಲ್ಲು ಒಳಗೇ ಕೊಳೆತಿತ್ತು. ಸೌಮ್ಯ ಮಾಡುತ್ತಾಳೆ ಎಂದರೆ ಒಪ್ಪಲೇ ಇಲ್ಲ. “ನಿಮ್ ಕೈಯೇ ಆಗ್ಬೇಕು ಬಾವ. ನೀವಿದ್ದೂ ಬೇರೆಯವ್ರ್ ತಾವ ಹಲ್ ಕೊರ್ಸ್ಕಂಡೆ ಅಂದ್ರೆ ಊರಲ್ ನಗ್ತಾರೆ” ಎಂದ. ಬೆನ್ನುನೋವೆಂದೆ. “ಕೂತ್ಕಂಡ್ ಮಾಡಿ, ಯಾರ್ ಬ್ಯಾಡ ಅಂದ್ರು?” ಎಂದು ಕುರ್ಚಿಯಲ್ಲಿ ಒರಗಿ, ಬಾಯಿ ತೆರೆದು, ಕಣ್ಣು ಮುಚ್ಚಿಬಿಟ್ಟ. ಅಷ್ಟು ನಂಬಿಕೆ ನನಗೆ ನನ್ನ ಮೇಲೆ ಎಂದೂ ಇರಲಿಲ್ಲ.

ಮರಗಟ್ಟಿಸುವ ಇಂಜೆಕ್ಷನ್ನನ್ನು ಸೌಮ್ಯಳೇ ಕೊಟ್ಟಳು. ಕೈಗೆ ಗವಸು ಹಾಕಿಕೊಂಡೆ. ಒಂದೇ ಹಲ್ಲು, ಒಂದೇ ಸಲ, ಬೆರಳು ಊರಿಕೊಂಡರೆ ಆಗಿಯೇ ಆಗುತ್ತದೆ ಎಂದುಕೊಂಡು ಮಿಷನ್ ಕೈಗೆತ್ತಿಕೊಂಡೆ. ಉಂಗುರದ ಬೆರಳನ್ನು ಅವನ ಹಲ್ಲಿನ ಮೇಲೆ ಊರಿದೆ. ಎಡಗೈಯಲ್ಲಿದ್ದ ಪುಟ್ಟ ಕನ್ನಡಿಯಲ್ಲಿ ಕೊರೆಯುವ ತುದಿ ಕಾಣಿಸಿತು. ಅದು ನಡುಗುತ್ತಿತ್ತು. ಚೌಕದೊಳಗಿನ ಆ ಚಿಹ್ನೆಯ ಹಾಗೆಯೇ, ಸಣ್ಣಗೆ, ಬಿಡದೆ. ಊರಿದ ಬೆರಳಿಗೂ ಈಗ ಅದನ್ನು ಮುಚ್ಚಿಡಲು ಆಗುತ್ತಿರಲಿಲ್ಲ. ಮಿಷನ್ನನ್ನು ಇನ್ನೂ ಚಾಲೂ ಮಾಡಿರಲಿಲ್ಲ. ಅದನ್ನು ಸೌಮ್ಯಳ ಕಡೆಗೆ ಚಾಚಿ, “ನೀನೇ ಮಾಡಮ್ಮ” ಎಂದು ಪಿಸುಗುಟ್ಟಿದೆ. ಅವಳು ನನ್ನ ಮುಖ ನೋಡಿ ತೆಗೆದುಕೊಂಡಳು.

ಮಿಷನ್ನಿನ ಸದ್ದಿಗೆ ಕಣ್ಣು ಬಿಟ್ಟ ಲೋಕೇಶನಿಗೆ ಕಂಡದ್ದು ಸೌಮ್ಯಳ ಮುಖ. ಬಾಯಿ ತುಂಬ ಹತ್ತಿ, ಮಾತಾಡುವಂತಿಲ್ಲ. ಗಾಬರಿಯಲ್ಲಿ ಕೈ ಚಾಚಿ ಪಕ್ಕದಲ್ಲಿದ್ದ ನನ್ನ ಬಲಗೈಯನ್ನು ಹಿಡಿದುಕೊಂಡ. ತೆಂಗಿನಕಾಯಿ ಸುಲಿದು ಗಟ್ಟಿಯಾದ ಕೈ. ಅವಳು ಕೊರೆದು ಮುಗಿಸುವ ತನಕ ಬಿಡಲಿಲ್ಲ. ನಮ್ಮ ಎರಡು ಕೈಗಳೂ ಒಟ್ಟಿಗೆ ನಡುಗುತ್ತಿದ್ದವು. ನಾನು ಬಿಡಿಸಿಕೊಳ್ಳಲಿಲ್ಲ.

ಎಲ್ಲ ಮುಗಿದು ಸೌಮ್ಯ ಆಚೆ ಹೋದ ಮೇಲೆ ಲೋಕೇಶ ನಾಚಿಕೊಂಡು, ಮರಗಟ್ಟಿದ ತುಟಿಯಲ್ಲೇ ತಡವರಿಸಿದ. “ಬಾವ, ನನ್ ಕೈ ನಡುಗ್ತಿತ್ತಲ್ಲ, ಅಕ್ಕಂಗ್ ಹೇಳ್ಬ್ಯಾಡಿ. ಇಷ್ಟ್ ದೊಡ್ ಆಳು, ಹೆದ್ರುಪುಕ್ಕಲ ಅಂತಾಳೆ.”

ಇಷ್ಟು ದಿನ ಬಾರದ ಮಾತು ಆಗ ತಾನೇ ಹೊರಗೆ ಬಂತು. “ಅದು ನಿನ್ನ ಕೈಯಲ್ಲ ಕಣೋ ಲೋಕೇಶ. ನಂದು. ಗೌರಿ ಹಬ್ಬದಿಂದ ನಡುಗ್ತಿದೆ.”

ಅವನು ನನ್ನನ್ನೇ ನೋಡಿದ. ಅವನ ಕಣ್ಣು ತೇವವಾಯಿತು. ಸೊಟ್ಟಗಾದ ಬಾಯಲ್ಲಿ ನಕ್ಕು, “ನೀವ್ ಬುಡಿ ಬಾವ. ನನ್ ಮರ್ಯಾದೆ ಉಳ್ಸಕ್ಕೆ ಎಂಗೆಲ್ಲ ಸುಳ್ ಹೇಳ್ತೀರಾ. ದೊಡ್ ಮನ್ಸು ನಿಮ್ದು” ಎಂದ.

ಮತ್ತೊಮ್ಮೆ ಹೇಳಲು ನನಗೆ ಶಕ್ತಿ ಇರಲಿಲ್ಲ. ಹೊರಡುವಾಗ ಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಕೈಗಿಟ್ಟ. ಹೊಸ ಎಣ್ಣೆಯಂತೆ, ಹೆಲಿಕಾಪ್ಟರಿಗೂ ಆಗುತ್ತದೆಯಂತೆ, ಈ ಸಲ ಬೈಯಬಾರದಂತೆ. ಎಣ್ಣೆ ನನ್ನ ಕೈಯಲ್ಲಿ ತಿಳಿಯಾಗಿ ಅಲ್ಲಾಡುತ್ತಿತ್ತು, ಮೇಜಿನ ಮೇಲಿಟ್ಟ ಮೇಲೆ ನಿಂತಿತು. ಮಾರ್ಗಶಿರಕ್ಕೆ ಇನ್ನೂ ದಿನವಿದೆ. ಹೋದ ಸಲ ಚಳಿಗಾಲವನ್ನು ಮರೆತು ಹಾಕಿದ್ದೆ. ಈ ಸಲ ಗೊತ್ತಿದ್ದೇ ಹಾಕುತ್ತೇನೆ.